ಗೃಹಿಣಿಯ ಕಾಯಕ



ಜನಗಣತಿಯವರು ಮನೆಯ ಬಾಗಿಲಿಗೆ ಬಂದು, ಈ ಮನೆಯಲ್ಲಿ ಯಾರು ಯಾರು ಏನೇನು ಉದ್ಯೋಗ ಮಾಡುವರೆಂದು ಕೇಳಿದಾಗ, ಯಜಮಾನನು ತನ್ನ ಉದ್ಯೋಗವನ್ನು ವಿಸ್ತಾರವಾಗಿ ಹೇಳಿ, ಮಗನದನ್ನೂ ಹೇಳಿ, ಹೆಂಡತಿಯ ಮಾತು ಬಂದೊಡನೆ "ಆಕೆಯೇನೂ ಮಾಡುವುದಿಲ್ಲ, ಮನೆಯಲ್ಲಿಯೇ ಇರುತ್ತಾಳೆ" ಎಂದು ಬರೆಯಿಸುವುದು ಲೋಕರೂಢಿಯಾಗಿದೆ. ಅದೇ ಹೊತ್ತಿಗೆ ಆ ತಾಯಿಯು ಒಳಗೆ ಕೂಸಿಗೆ ಹಾಲೂಡಿಸಿ, ಅತ್ತೆಗೆ ಔಷಧವನ್ನು ಕೊಟ್ಟು, ಒಲೆಯ ಮೇಲಿನ ಅನ್ನವನ್ನು ನೋಡಿಕೊಳ್ಳುತ್ತ, ಬಂದ ಅತಿಥಿಗೆ ನೀರನ್ನು ತಂದಿಡುತ್ತಿರುವಳು. ಏನೂ ಮಾಡದವಳೆಂದು ಹೇಳಿಸಿಕೊಂಡು ಹೇಳಿಸಿಕೊಂಡು, ಕೊನೆಗೆ ತನ್ನನ್ನು ಯಾರಾದರೂ ಕೇಳಿದರೆ ಆಕೆಯೂ ಅದೇ ಮಾತನ್ನೇ ನುಡಿಯುವಳು. ಈ ಮಾತು ಸತ್ಯವೋ ಅಸತ್ಯವೋ ಎಂಬುದೇ ಪ್ರಕೃತ ವಿಚಾರಣೀಯವಾದ ವಿಷಯ.

ಇಲ್ಲಿ ಪೂರ್ವಪಕ್ಷವು ಹೀಗಿದೆ: ಯಾವುದರಿಂದ ಹಣವು ದೊರೆಯುವುದೋ ಅದೇ ಉದ್ಯೋಗ; ಅಡಿಗೆ, ಶಿಶುಪಾಲನೆಗಳಿಂದ ಹಣವು ಬರುವುದಿಲ್ಲ; ಆದುದರಿಂದ ಅವು ಉದ್ಯೋಗವಲ್ಲ. ಈ ತರ್ಕದ ದೋಷವನ್ನು ಅರ್ಥಶಾಸ್ತ್ರಜ್ಞರೇ ಬಹುಕಾಲದ ಹಿಂದೆ ಕಂಡಿದ್ದಾರೆ. ಪಿಗೂ ಎಂಬ ಆಂಗ್ಲ ಪಂಡಿತನು 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದನು. ಸಂಬಳಕ್ಕಿದ್ದ ಅಡಿಗೆಯವಳನ್ನು ಒಬ್ಬನು ಮದುವೆಯಾದರೆ, ಅವಳ ಕೆಲಸವು ಮೊದಲಿನಂತೆಯೇ ನಡೆದರೂ, ದೇಶದ ಆದಾಯವು ಲೆಕ್ಕದಲ್ಲಿ ಕಡಿಮೆಯಾಗುವುದು! ಅದೇ ಕೈ, ಅದೇ ಒಲೆ, ಅದೇ ಅನ್ನ. ನಿನ್ನೆ ಉದ್ಯೋಗವಾಗಿದ್ದುದು ಇಂದು ಶೂನ್ಯವಾಯಿತು. ಇಂತಹ ಲೆಕ್ಕವು ಎಣಿಸುವವನ ಕುರುಡುತನವನ್ನು ತೋರಿಸುವುದೇ ಹೊರತು, ಕೆಲಸದ ಅಲ್ಪತ್ವವನ್ನಲ್ಲ.

ಭಾರತ ಸರಕಾರದವರು 2024ರಲ್ಲಿ, ಜನರು ದಿನದ ಕಾಲವನ್ನು ಹೇಗೆ ಕಳೆಯುವರೆಂಬ ಸಮೀಕ್ಷೆಯನ್ನು ಮಾಡಿಸಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನವೊಂದಕ್ಕೆ ಸರಾಸರಿ 289 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಪುರುಷರು 88 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುವರೆಂದು ಅದರಿಂದ ಗೊತ್ತಾಯಿತು. ಮಕ್ಕಳ ಮತ್ತು ರೋಗಿಗಳ ಶುಶ್ರೂಷೆಯು ಇದರಿಂದ ಬೇರೆ. 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕಾರ್ಯವೆಂದು ಹೇಳಿದ ಸ್ತ್ರೀಯರು ಸುಮಾರು 16 ಕೋಟಿ. ಪುರುಷರಾದರೋ 58 ಲಕ್ಷದಷ್ಟು. ಇಷ್ಟು ಕೋಟಿ ಜನರ ನಿತ್ಯದ ದುಡಿಮೆಯನ್ನು 'ಏನೂ ಇಲ್ಲ' ಎಂಬ ಎರಡು ಮಾತುಗಳಲ್ಲಿ ಮುಗಿಸುವುದು ಯಾವ ನ್ಯಾಯ?

ನ್ಯಾಯಸ್ಥಾನಗಳ ಕಣ್ಣು ಈ ವಿಷಯದಲ್ಲಿ ಮೆಲ್ಲಮೆಲ್ಲನೆ ತೆರೆಯುತ್ತ ಬಂದಿದೆ. ಅಪಘಾತದಲ್ಲಿ ಗೃಹಿಣಿಯು ಮಡಿದರೆ ಪರಿಹಾರವೆಷ್ಟೆಂಬ ಪ್ರಶ್ನೆ ಬಂದಾಗ, ಸಂಪಾದನೆಯಿಲ್ಲದವಳಿಗೆ ಪರಿಹಾರವೇಕೆ ಎಂದು ವಾದಿಸುವವರಿದ್ದರು. 1989ರಲ್ಲಿ ಜಮಶೇಡಪುರದಲ್ಲಿ ನಡೆದ ಅಗ್ನಿದುರಂತದ ಪ್ರಕರಣವನ್ನು 2001ರಲ್ಲಿ ತೀರ್ಮಾನಿಸಿದ ಸರ್ವೋಚ್ಚ ನ್ಯಾಯಾಲಯವು ಗೃಹಿಣಿಯ ಸೇವೆಗೆ ತಿಂಗಳಿಗೆ 3000 ರೂಪಾಯಿಗಳೆಂದು ಬೆಲೆ ಕಟ್ಟಿತು. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಸೆರೆವಾಸಿಗಳು ಮೊದಲಾದವರ ಸಾಲಿನಲ್ಲಿ ಅನುತ್ಪಾದಕರೆಂದು ಸೇರಿಸಿದ್ದುದನ್ನು ಅದೇ ನ್ಯಾಯಾಲಯವು 2010ರಲ್ಲಿ ಕಟುವಾಗಿ ಆಕ್ಷೇಪಿಸಿತು. ಗಂಡನ ಹೆಸರಿನಲ್ಲಿ ಕೊಂಡ ಆಸ್ತಿಯಲ್ಲಿ, ಮನೆಯನ್ನು ನಡೆಸಿದ ಹೆಂಡತಿಗೂ ಸಮಭಾಗವುಂಟೆಂದು ಮದರಾಸಿನ ಉಚ್ಚ ನ್ಯಾಯಾಲಯವು 2023ರಲ್ಲಿ ಒಂದು ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ವರ್ಷ ಕರ್ನಾಟಕ ಸರಕಾರವು ಗೃಹಲಕ್ಷ್ಮಿ ಯೋಜನೆಯಿಂದ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿಗಳನ್ನು ಕೊಡಲಾರಂಭಿಸಿತು. ಆದರೆ ತಾಯಿಯ ಕೆಲಸದ ಬೆಲೆಯನ್ನು ಆಕೆ ಸತ್ತ ಮೇಲೆ ಅಳೆಯುವ ಸಮಾಜವು, ಬದುಕಿರುವಾಗ ಅಳೆಯಲಾರದೆ ಹೋದುದು ಶೋಚನೀಯವಲ್ಲವೇ?

ಶರಣಧರ್ಮದ ಅನುಯಾಯಿಗಳಿಗಂತೂ ಈ ಪಾಠವನ್ನು ನ್ಯಾಯಸ್ಥಾನಗಳಿಂದ ಕಲಿಯಬೇಕಾದ ಅವಶ್ಯಕತೆಯೇ ಇರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣೆಯರ ಹೆಸರುಗಳನ್ನೇ ನೋಡಬಹುದು. ಕೊಟ್ಟಣದ ಸೋಮಮ್ಮನದು ಭತ್ತ ಕುಟ್ಟುವ ಕಾಯಕ. ಕದಿರ ರೆಮ್ಮವ್ವೆಯದು ನೂಲುವ ಕಾಯಕ. ಸತ್ಯಕ್ಕನದು ಅಂಗಳ ಗುಡಿಸುವ ಕಾಯಕ. ಕುಟ್ಟುವುದು, ನೂಲುವುದು, ಗುಡಿಸುವುದು ಇವು ಯಾವ ಮನೆಯ ಹೆಣ್ಣುಮಗಳು ಮಾಡದ ಕೆಲಸಗಳು? ಲೋಕವು ಹೆಸರಿಡದೆ ಬಿಟ್ಟ ಈ ಕೆಲಸಗಳಿಗೆ ಶರಣರು ಕಾಯಕವೆಂಬ ಪವಿತ್ರನಾಮವನ್ನಿತ್ತರು.

ಆಯ್ದಕ್ಕಿ ಲಕ್ಕಮ್ಮನ ಕಥೆಯು ಭಕ್ತರೆಲ್ಲರಿಗೂ ವಿದಿತವೇ ಸರಿ. ಪತಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಇಷ್ಟು ಅಕ್ಕಿ ತಮಗೇಕೆಂದು ಕೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಅವನನ್ನು ಮರಳಿ ಕಳುಹಿದಳು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹೊರಗೆ ಹೋಗಿ ತಂದವನು ಪತಿ. ತಂದುದು ಸತ್ಯಶುದ್ಧವೋ ಅಲ್ಲವೋ ಎಂದು ನಿರ್ಣಯಿಸಿದವಳು ಮನೆಯಲ್ಲಿದ್ದ ಸತಿ. ಆಕೆಯನ್ನು ಏನೂ ಮಾಡದವಳೆಂದು ಹೇಳುವ ಧೈರ್ಯವು ಯಾರಿಗಿದೆ? ಮನೆಯ ದಾಸೋಹವೂ ಪತಿಯ ಕಾಯಕಶುದ್ಧಿಯೂ ಆಕೆಯ ಒಲೆಯ ಬಳಿಯಲ್ಲಿಯೇ ನಿಂತಿದ್ದುವು.

ಹಾಗಾದರೆ ಸ್ತ್ರೀಯು ಮನೆಯಲ್ಲಿಯೇ ಇರಬೇಕೆಂಬುದು ಸಿದ್ಧಾಂತವೇ ಎಂದರೆ, ಅಲ್ಲ. ಕಲ್ಯಾಣದ ಶರಣೆಯರು ಅನುಭವಗೋಷ್ಠಿಯಲ್ಲಿಯೂ ಕುಳಿತವರು, ವಚನಗಳನ್ನು ರಚಿಸಿದವರು. ಹೊರಗೆ ದುಡಿಯುವ ತಾಯಿಯನ್ನು ಮಕ್ಕಳನ್ನು ಬಿಟ್ಟುಹೋದವಳೆಂದು ನಿಂದಿಸುವ ನಾಲಗೆಯೇ, ಮನೆಯಲ್ಲಿರುವ ತಾಯಿಯನ್ನು ಕುಳಿತು ಉಣ್ಣುವವಳೆಂದು ಹಳಿಯುವುದು. ಎತ್ತ ಹೋದರೂ ಹೆಣ್ಣಿಗೆ ನಿಂದೆ ತಪ್ಪದಿದ್ದರೆ, ದೋಷವು ಆಕೆಯ ಆಯ್ಕೆಯಲ್ಲಿಲ್ಲ, ನೋಡುವ ದೃಷ್ಟಿಯಲ್ಲಿದೆ. ಹಾಗೆಯೇ ಗೃಹಿಣಿಯನ್ನು ದೇವಿಯೆಂದು ಬಾಯಲ್ಲಿ ಹೊಗಳಿ, ಮನೆಯ ಹಣದ ವಿಚಾರದಲ್ಲಿ ಆಕೆಯ ಮಾತನ್ನು ಕೇಳದಿರುವುದೂ, ಆಕೆಯ ಹೆಸರಿನಲ್ಲಿ ಒಂದು ಕಾಸನ್ನೂ ಇಡದಿರುವುದೂ ಪೂಜೆಯಲ್ಲ, ವಂಚನೆ. ಗಂಡನನ್ನು ಕಳೆದುಕೊಂಡ ದಿನ, ನಲವತ್ತು ವರ್ಷ ದುಡಿದ ಕೈ ಬರಿದಾಗಿರುವುದನ್ನು ಕಂಡು ಆಕೆ ಮಕ್ಕಳ ಮುಖವನ್ನು ನೋಡಬೇಕಾಗುವುದು ಈ ವಂಚನೆಯ ಫಲ.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿಗಳು ರಾಶಿರಾಶಿಯಾಗಿ ಬರುವುದನ್ನು ಅನೇಕರು ಕಂಡಿದ್ದಾರೆ. ರೊಟ್ಟಿಯನ್ನು ತಂದವರ ಬಂಡಿಯು ಎಲ್ಲರ ಕಣ್ಣಿಗೆ ಬೀಳುವುದು. ಒಲೆಯ ಮುಂದೆ ಕುಳಿತು ಅದನ್ನು ಬಡಿದ ಕೈಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮಠಗಳ ದಾಸೋಹವೆಲ್ಲವೂ ಇಂತಹ ಕಾಣದ ಕೈಗಳಿಂದಲೇ ನಡೆದು ಬಂದಿದೆ.

ಆದುದರಿಂದ ಈ ಮಹೋತ್ಸವದ ಕಾಲದಲ್ಲಿ ಭಕ್ತರು ಕೆಲವು ಸಂಕಲ್ಪಗಳನ್ನು ಮಾಡುವುದು ಉಚಿತ. ಗಂಡಸರು ಮನೆಗೆ ಬಂದಾಗ ಒಂದೆರಡು ಕೆಲಸಗಳನ್ನಾದರೂ ತಮ್ಮದೆಂದು ತಿಳಿದು ಮಾಡಲಿ. ಕಸಬರಿಗೆಯನ್ನು ಹಿಡಿಯುವುದರಿಂದ ಲಿಂಗಧಾರಿಯ ಘನತೆಗೆ ಕುಂದಿಲ್ಲ. ಮನೆಯ ಉಳಿತಾಯದಲ್ಲಿಯೂ ಆಸ್ತಿಯಲ್ಲಿಯೂ ಗೃಹಿಣಿಯ ಹೆಸರು ಇರಲಿ. ಮಗಳು ಓದಿ ಹೊರಗೆ ದುಡಿಯಬಯಸಿದರೆ ತಡೆಯದಿರಲಿ, ಮನೆಯಲ್ಲಿರಬಯಸಿದರೆ ಹೀಯಾಳಿಸದಿರಲಿ. ಮಕ್ಕಳ ಎದುರಿನಲ್ಲಿ ಅವರ ತಾಯಿಯನ್ನು ಕುರಿತು 'ಏನೂ ಮಾಡುವುದಿಲ್ಲ' ಎಂಬ ಮಾತನ್ನು ಯಾರೂ ಆಡದಿರಲಿ. ಏಕೆಂದರೆ ಆ ಮಾತನ್ನು ಕೇಳಿದ ಮಗನು ನಾಳೆ ಅದನ್ನೇ ತನ್ನ ಹೆಂಡತಿಗೆ ನುಡಿಯುವನು, ಮಗಳು ಅದನ್ನೇ ತನ್ನ ಹಣೆಬರಹವೆಂದು ನಂಬುವಳು.

ಇನ್ನು ಮುಂದೆ ಗಣತಿಯವರು ಬಾಗಿಲಿಗೆ ಬಂದು ಕೇಳಿದಾಗ, "ಈ ಮನೆಯನ್ನು ನಡೆಸುವುದೇ ಆಕೆಯ ಕಾಯಕ" ಎಂದು ಯಜಮಾನನು ಗಟ್ಟಿಯಾಗಿ ಹೇಳಲಿ. ಒಳಗಿರುವ ತಾಯಿಗೂ ಅದು ಕೇಳಿಸಲಿ.