ಆಸ್ಪತ್ರೆಯ ಮಕ್ಕಳಿಗೆ ಕ್ರಿಸ್ಮಸ್ ಉಡುಗೊರೆ

(ಆಗಮನ ಕಾಲದಲ್ಲಿ ಬೂದಿಕೋಟೆಯಲ್ಲಿ ಮಾಡಿದ ಭಾಷಣ)



ನಮ್ಮ ಬೂದಿಕೋಟೆಯ ಅಂಗಡಿಯೊಂದರ ಯಜಮಾನರು ಈ ಸಲದ ಕ್ರಿಸ್ಮಸ್ಸಿಗೆ ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಉಡುಗೊರೆ ಹಂಚಬೇಕೆಂದು ಸಂಕಲ್ಪಿಸಿ, ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಅವರು ಕ್ರೈಸ್ತರಲ್ಲ, ಆದರೂ ಈ ಯೋಚನೆ ನಮಗಿಂತ ಮೊದಲು ಅವರಿಗೆ ಬಂದಿತೆಂಬುದನ್ನು ನಾನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು.

ವರ್ತಕರಿಗೂ ಮಕ್ಕಳಿಗೂ ಪಾಲಕನಾದ ಸಂತ ಒಬ್ಬನೇ. ಆತ ಸಂತ ನಿಕೋಲಾಸ್. ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿ ದೇಶಕ್ಕೆ ಸೇರಿದ ಮೈರಾ ಪಟ್ಟಣದ ಬಿಷಪರಾಗಿದ್ದವರು. ಡಿಸೆಂಬರ್ 6 ಅವರ ಹಬ್ಬ. ವರದಕ್ಷಿಣೆಗೆ ಹಣವಿಲ್ಲದೆ ಕಂಗಾಲಾಗಿದ್ದ ಬಡವನೊಬ್ಬನ ಮೂವರು ಹೆಣ್ಣುಮಕ್ಕಳಿಗಾಗಿ ಅವರು ರಾತ್ರಿಯ ವೇಳೆ ಕಿಟಕಿಯಿಂದ ಚಿನ್ನದ ಗಂಟುಗಳನ್ನು ಒಳಗೆಸೆದು ಹೋದರೆಂದು ಐತಿಹ್ಯ. ಚಿನ್ನದ ಮಾತು ಈ ಸೀಮೆಯವರಿಗೆ ಹೊಸದೇನಲ್ಲ. ನನ್ನ ಮನಸ್ಸಿನಲ್ಲಿ ನಿಂತಿರುವುದು ಚಿನ್ನಕ್ಕಿಂತ ಹೆಚ್ಚಾಗಿ ಆ ರಾತ್ರಿಯೇ. ಕೊಟ್ಟವರ ಮುಖ ಕಾಣಬಾರದೆಂದು ಅವರು ಕತ್ತಲೆಯನ್ನು ಆರಿಸಿಕೊಂಡರು. ಸಂತ ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯವನ್ನು ಅವರು ಚೆನ್ನಾಗಿ ಓದಿದ್ದರೆಂದು ತೋರುತ್ತದೆ.

ನಾನೂ ಅದನ್ನು ಓದಿದ್ದೆ. ಆದರೂ ಒಮ್ಮೆ ಎಡವಿದೆ. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಇಂಥದೇ ಒಂದು ಸಮಾರಂಭ. ಬ್ಯಾನರು, ಧ್ವನಿವರ್ಧಕ, ಫೋಟೋದವರು ಎಲ್ಲವೂ ಇದ್ದವು. ಹಂಚುವ ಗೌರವ ನನಗೆ. ಮೂತ್ರಪಿಂಡದ ಕಾಯಿಲೆಯಿಂದ ಮುಖ ಊದಿಕೊಂಡಿದ್ದ ಏಳೆಂಟು ವರ್ಷದ ಹುಡುಗನೊಬ್ಬನ ಕೈಯಲ್ಲಿ ಕೇಕು, ಖಾರದ ಮಿಕ್ಸ್ಚರು ತುಂಬಿದ್ದ ಚೀಲವನ್ನಿಟ್ಟೆ. ಫೋಟೋ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಇಟ್ಟೆ. ನಾವು ಬಾಗಿಲು ದಾಟುವ ಮೊದಲೇ ದಾದಿ ಬಂದು ಮಿಕ್ಸ್ಚರನ್ನು ತೆಗೆದುಕೊಂಡರು. ಅವನಿಗೆ ಉಪ್ಪು ವರ್ಜ್ಯವಾಗಿತ್ತು. ಅವರು ಮಾಡಿದ್ದೇ ಸರಿ. ಹುಡುಗ ಅಳಲಿಲ್ಲ. ಗೋಡೆಯ ಕಡೆಗೆ ತಿರುಗಿ ಮಲಗಿಕೊಂಡ. ಮಂಚದ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಿದ್ದ ಅವನ ತಾಯಿ ಎದ್ದು ನಿಂತು ನನಗೆ ಕೈಮುಗಿದಳು. ಆ ನಮಸ್ಕಾರವನ್ನು ಸ್ವೀಕರಿಸುವ ಯೋಗ್ಯತೆ ಆ ದಿನ ನನಗಿರಲಿಲ್ಲ. ಅವಳು ಊಟ ಮಾಡಿದ್ದಳೇ ಎಂದು ಕೂಡ ನಾವು ಯಾರೂ ಕೇಳಲಿಲ್ಲ.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ತಾಯ್ತಂದೆಯರು ಮಕ್ಕಳ ವಾರ್ಡಿಗೆ ಬರುವುದನ್ನೇ ಬಿಗಿಯಾಗಿ ತಡೆದಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬವರು ತಾಯಿಯನ್ನಗಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಸಂಕಟವನ್ನು 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಸಮಿತಿಯು ತಾಯ್ತಂದೆಯರ ಭೇಟಿಗೆ ಹೊತ್ತುಗೊತ್ತಿನ ಕಟ್ಟಳೆ ಇರಬಾರದೆಂದೂ, ಎಳೆಯ ಮಕ್ಕಳೊಡನೆ ತಾಯಿ ಉಳಿಯುವಂತಿರಬೇಕೆಂದೂ ಶಿಫಾರಸು ಮಾಡಿತು. ಅಲ್ಲಿ ವರದಿ ಬರೆದು ಕಂಡುಕೊಂಡದ್ದನ್ನು ನಮ್ಮ ತಾಯಂದಿರು ಚಾಪೆ ಹಿಡಿದು ಬಂದು ಎಂದಿನಿಂದಲೋ ಮಾಡುತ್ತಿದ್ದಾರೆ. ಆ ಚಾಪೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದು ಅವರಿಗೆ ಮಾತ್ರ ಗೊತ್ತು.

ಚಿನ್ನದ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚುವ ತನಕ ಗಣಿ ಕಾರ್ಮಿಕರ ಮಕ್ಕಳಿಗೆ ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆಯ ಆಸರೆಯಿತ್ತು. ಈಗ ದೊಡ್ಡ ಕಾಯಿಲೆಯೆಂದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಅದಕ್ಕೂ ಮೀರಿದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಸೇಂಟ್ ಜಾನ್ಸ್ ಆಸ್ಪತ್ರೆಗೋ ಹೋಗಬೇಕು. ಸರ್ಕಾರದ ಯೋಜನೆಯಿಂದ ಚಿಕಿತ್ಸೆ ಉಚಿತವಾಗಬಹುದು. ತಾಯಿಯ ಊಟ, ತಂದೆಯ ಬಸ್ ಚಾರ್ಜು, ಇಬ್ಬರ ಕೂಲಿಯ ನಷ್ಟ, ನೆರೆಮನೆಯವರಿಗೆ ಒಪ್ಪಿಸಿ ಬಂದ ಹಸು, ಇವು ಯಾವ ರಸೀತಿಯಲ್ಲೂ ಬರುವುದಿಲ್ಲ. ಈ ಖರ್ಚನ್ನು ತಾಳಲಾರದೆ, ಪೂರ್ತಿ ಗುಣವಾಗುವ ಮೊದಲೇ ಮಗುವನ್ನು ಎತ್ತಿಕೊಂಡು ಊರಿಗೆ ಮರಳಿದವರನ್ನು ನಾನು ಕಂಡಿದ್ದೇನೆ.

ಆದುದರಿಂದ ಅಂಗಡಿಯ ಯಜಮಾನರಿಗೆ ನಾನು ಮಾಡಿದ ಬಿನ್ನಹವಿಷ್ಟು: ಮಕ್ಕಳಿಗೆ ಚಿತ್ರಪುಸ್ತಕ, ಬಣ್ಣದ ಪೆನ್ಸಿಲು, ಹಾವು-ಏಣಿಯ ಆಟ ಕೊಡಿ, ತಿನ್ನುವ ಪದಾರ್ಥವನ್ನು ವಾರ್ಡಿನ ದಾದಿಯರನ್ನು ಕೇಳದೆ ಕೊಡಬೇಡಿ, ಕೇಕಿಗೆಂದು ತೆಗೆದಿಟ್ಟ ಹಣದಲ್ಲಿ ಅರ್ಧವನ್ನಾದರೂ ತಾಯಂದಿರ ಊಟಕ್ಕೂ ಪ್ರಯಾಣಕ್ಕೂ ಕೊಡಿ, ಕ್ರಿಸ್ಮಸ್ ಮುಗಿದ ಮೇಲೂ ಕೊಡಿ. ‘ಪೀಟರ್ ಪ್ಯಾನ್’ ನಾಟಕ ಬರೆದ ಜೆ. ಎಂ. ಬ್ಯಾರಿ 1929ರಲ್ಲಿ ಆ ಕೃತಿಯ ಹಕ್ಕನ್ನೇ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಅದರಿಂದ ಬರುವ ಮೊತ್ತವೆಷ್ಟೆಂದು ಹೊರಗೆ ಹೇಳಬಾರದೆಂದು ಕೇಳಿಕೊಂಡರು. ಆಸ್ಪತ್ರೆಯವರು ಆ ಮಾತನ್ನು ಉಳಿಸಿಕೊಂಡು ಬಂದಿದ್ದಾರೆ.

ಯಜಮಾನರು ಒಂದು ಕ್ಷಣ ಯೋಚಿಸಿ, “ಸ್ವಾಮಿ, ಹಾಗಾದರೆ ಬ್ಯಾನರಿನ ದುಡ್ಡೂ ಉಳಿಯಿತು, ಅದನ್ನೂ ಸೇರಿಸಿಬಿಡೋಣ” ಎಂದರು. ವ್ಯಾಪಾರಸ್ಥರ ಲೆಕ್ಕ ಗುರುಗಳ ಲೆಕ್ಕಕ್ಕಿಂತ ಚುರುಕು. ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಈ ಕಾರ್ಯಕ್ಕೆಂದು ಒಂದು ಡಬ್ಬಿ ಇಟ್ಟಿದ್ದಾರೆ. ಅದರ ಮೇಲೆ ಯಾರ ಹೆಸರೂ ಇಲ್ಲ. ಅವರ ಮಗ ಮಾತ್ರ ಸಾಂತಾಕ್ಲಾಸ್ ವೇಷ ಹಾಕಿಯೇ ಹಾಕುತ್ತೇನೆಂದು ಹಟ ಹಿಡಿದಿದ್ದಾನೆ. ಹಾಕಲಿ, ಮಕ್ಕಳು ನಗುತ್ತಾರೆ. ಹತ್ತಿಯ ಗಡ್ಡವನ್ನು ಮೊದಲು ವಾರ್ಡಿನ ಡಾಕ್ಟರರಿಗೆ ತೋರಿಸಿ ಒಳಗೆ ಹೋಗು ಎಂದು ಹೇಳಿದ್ದೇನೆ.