ನಾಯಿಯ ಹೊಟ್ಟೆಗೆ ಹುಳು ಹೇಗೆ ಬರುತ್ತೆ?



ನಾಯಿ ನಮ್ಮ ಮನೆ ಕಾಯುತ್ತೆ. ಹೊಲ ಕಾಯುತ್ತೆ. ಕುರಿ ಕಾಯುತ್ತೆ. ಆ ನಾಯಿಯನ್ನು ಕಾಯೋರು ಯಾರು? ನಾವೇ ಅಲ್ಲವೇ?

ಕೆಲವು ಮರಿಗಳ ಹೊಟ್ಟೆ ಗುಡಾಣದ ಹಾಗೆ ಉಬ್ಬಿರುತ್ತೆ. 'ಚೆನ್ನಾಗಿ ಹಾಲು ಕುಡಿದಿದೆ' ಅಂತೀವಿ. ಆದರೆ ಬೆನ್ನುಮೂಳೆ ಕಾಣುತ್ತೆ. ಕೂದಲು ಒರಟಾಗಿರುತ್ತೆ. ಅದು ಹುಳು ತುಂಬಿದ ಹೊಟ್ಟೆ. ಎಷ್ಟೋ ಮರಿಗಳು ಹೀಗೇ ಸಾಯುತ್ತವೆ.

ಬೆಲ್ಲ ತಿಂದರೆ ಹುಳು ಆಗುತ್ತೆ ಅಂತಾರೆ. ಅದು ನಿಜವಲ್ಲ. ಹುಳು ಬರುವ ದಾರಿ ನಾಲ್ಕು.

ಒಂದು, ತಾಯಿಯಿಂದ. ಜಂತುಹುಳು ಬೇಯಿಸಿದ ಶಾವಿಗೆಯ ಹಾಗೆ ಇರುತ್ತೆ. ಅದರ ಮರಿಹುಳುಗಳು ತಾಯಿನಾಯಿಯ ಮೈಯಲ್ಲಿ ಅಡಗಿರುತ್ತವೆ. ಗರ್ಭದಲ್ಲೇ ಮರಿಗೆ ಸೇರುತ್ತವೆ. ಹಾಲಿನಲ್ಲೂ ಬರುತ್ತವೆ.

ಎರಡು, ಮಣ್ಣಿನಿಂದ. ನಾಯಿಯ ಮಲದಲ್ಲಿ ಹುಳುವಿನ ಮೊಟ್ಟೆ ಇರುತ್ತೆ. ಕಣ್ಣಿಗೆ ಕಾಣೋದಿಲ್ಲ. 2-3 ವಾರದಲ್ಲಿ ಬಲಿಯುತ್ತೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಮಣ್ಣು ಮೂಸಿ, ಮೈ ನೆಕ್ಕಿಕೊಂಡಾಗ ನಾಯಿಯ ಹೊಟ್ಟೆ ಸೇರುತ್ತೆ. ಕೊಕ್ಕೆಹುಳು ಪಾದದ ಚರ್ಮ ಕೊರೆದೂ ಒಳಗೆ ಹೋಗುತ್ತೆ. ರಕ್ತ ಹೀರುತ್ತೆ. ಆಗ ನಾಯಿಯ ವಸಡು ಬಿಳಿಚಿಕೊಳ್ಳುತ್ತೆ.

ಮೂರು, ಚಿಗಟದಿಂದ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟ ನುಂಗುತ್ತೆ. ಅದರೊಳಗೆ ಲಾಡಿಹುಳುವಿನ ಮರಿ ಇರುತ್ತೆ. ನಾಯಿಯ ಬಾಲದ ಕೆಳಗೆ ಅಕ್ಕಿಕಾಳಿನಂಥ ಚೂರು ಕಂಡರೆ ಲಾಡಿಹುಳು ಇದೆ ಅಂತ ತಿಳೀಬೇಕು.

ನಾಲ್ಕು, ಹಸಿಮಾಂಸದಿಂದ. ಹಬ್ಬಕ್ಕೆ ಕುರಿ ಕೊಯ್ತೀವಿ. ಈಲಿಯಲ್ಲಿ ನೀರುಗುಳ್ಳೆ ಇದ್ದರೆ ನಾಯಿಗೆ ಎಸೀತೀವಿ. ಆ ಗುಳ್ಳೆಯಲ್ಲೂ ಒಂದು ಲಾಡಿಹುಳುವಿನ ಮರಿಗಳು ಇರಬಹುದು.

ಇದು ನಾಯಿಗಷ್ಟೇ ಕಷ್ಟ ಅಂದುಕೋಬೇಡಿ. ಆ ಹುಳುವಿನ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ನಮ್ಮ ಈಲಿಯಲ್ಲೂ ಗುಳ್ಳೆ ಬೆಳೆಯುತ್ತೆ. ಆಪರೇಷನ್ನೇ ಬೇಕಾಗಬಹುದು. ಜಂತುಹುಳುವಿನ ಮೊಟ್ಟೆ ನುಂಗಿದ ಮಗುವಿನ ಕಣ್ಣಿಗೂ ಅಪಾಯ ಉಂಟು.

ಹಾಗಾದರೆ ಏನು ಮಾಡೋಣ?

ಮರಿಗೆ 15 ದಿನ ತುಂಬಿದಾಗ ಮೊದಲ ಜಂತು ಔಷಧಿ ಕೊಡಿಸೋಣ. ಆಮೇಲೆ 2 ತಿಂಗಳವರೆಗೆ 15 ದಿನಕ್ಕೊಮ್ಮೆ. 6 ತಿಂಗಳವರೆಗೆ ತಿಂಗಳಿಗೊಮ್ಮೆ. ದೊಡ್ಡ ನಾಯಿಗೆ 3 ತಿಂಗಳಿಗೊಮ್ಮೆ. ಮರಿಯ ಜೊತೆ ತಾಯಿಗೂ ಕೊಡಿಸಬೇಕು. ನಾಯಿಯ ತೂಕ ನೋಡಿ ಔಷಧಿ ಕೊಡಬೇಕು. ಅದಕ್ಕೆ ಪಶು ಆಸ್ಪತ್ರೆಯಲ್ಲಿ ಕೇಳೋಣ. ನಮ್ಮ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಹಾಕೋದು ಬೇಡ.

ಅಂಗಳದಲ್ಲಿ ಬಿದ್ದ ನಾಯಿಯ ಮಲವನ್ನು ದಿನಾ ತೆಗೆದು, ಬಾವಿಯಿಂದ ದೂರ ಹೂಳೋಣ. ಚಿಗಟ ಆದರೆ ಮದ್ದು ಹಾಕಿಸೋಣ. ಗುಳ್ಳೆ ಇರೋ ಮಾಂಸವನ್ನು ನಾಯಿ ಕೆದಕದ ಹಾಗೆ ಆಳವಾಗಿ ಹೂಳೋಣ. ನಾಯಿಗೆ ಮಾಂಸ ಹಾಕೋದಾದರೆ ಬೇಯಿಸಿ ಹಾಕೋಣ. ನಾಯಿ ಮುಟ್ಟಿದ ಮಕ್ಕಳಿಗೆ ಸೋಪು ಹಚ್ಚಿ ಕೈ ತೊಳೆಸೋಣ.

ಕೊನೆಗೊಂದು ಮಾತು. ಈಗ ನಮಗೆ ಬರೆಯೋಕೆ ಬರುತ್ತೆ. ಔಷಧಿ ಕೊಟ್ಟ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯೋಣ. ಮುಂದಿನ ತಾರೀಖನ್ನೂ ಬರೆಯೋಣ. ನಾಯಿ ಬಾಯಿ ಬಿಟ್ಟು ಕೇಳೋದಿಲ್ಲ. ನಾವೇ ನೆನಪಿಡಬೇಕು.