ವೈಫೈ ‘ಇಲ್ಲ’ ಅಂತೋ, ಸುಮ್ಮನೆ ಕುಂತಿತೋ? ಆರ್.ಆರ್. ನಂಬರಿನಿಂದ ರೇಡಿಯಸ್ ಸರ್ವರಿನವರೆಗೆ

ಇಯರ್‌ಫೋನ್ ಹಾಕ್ಕೊಂಡು ಸಂಕೇಶ್ವರದ ಬಸ್ಸಿನಾಗ ಕುಂತಿದ್ರೂ ಸರಿ, ಹೊಲದ ಬದುವಿನ ಮ್ಯಾಲ ಕುಂತಿದ್ರೂ ಸರಿ, ಇವತ್ತಿನ ಮಾತು ನಿಮ್ಮ ಫೋನಿನ ವೈಫೈ ಬಗ್ಗೆ.

ನಿಮ್ಮ ಫೋನಿನಲ್ಲಿ ನಾಲ್ಕೈದು ವೈಫೈ ಹೆಸರು ಸೇವ್ ಆಗಿರಬಹುದು: ಮನೆಯದು, ಕಾಲೇಜಿನದು, ಕೋಚಿಂಗ್ ಸೆಂಟರಿನದು, ಪಂಚಾಯತಿ ಗ್ರಂಥಾಲಯದ್ದು. ಬಹಳಷ್ಟು ಕಡೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಗೋಡೆಗೆ ಚೀಟಿ ಅಂಟಿಸಿರ್ತಾರ, ಇಲ್ಲಾ ವಾಟ್ಸಾಪ್ ಗ್ರೂಪಿನಾಗ ಹಾಕಿರ್ತಾರ. ಕಾಲೇಜು ಬಿಟ್ಟು ಮೂರು ವರ್ಷ ಆದವರೂ ಗೇಟಿನ ಹೊರಗ ಬೈಕ್ ನಿಲ್ಲಿಸಿ ಅದನ್ನೇ ಬಳಸ್ತಿರ್ತಾರ.

ಇದರಾಗ ಏನು ತಪ್ಪೈತಿ ಅಂತೀರಿ? ಹಿಂಗ ಆತು ಅಂತ ಅಂದ್ಕೊಳ್ರಿ. ಆ ವೈಫೈ ಮೂಲಕ ಯಾರೋ ಒಬ್ಬ ಒಂದು ಹುಡುಗಿಯ ಹೆಸರಿನಲ್ಲಿ ನಕಲಿ ಖಾತೆ ತೆರೆದ. ದೂರು ದಾಖಲಾಯಿತು. ಪೊಲೀಸರಿಗೆ ಐಪಿ ವಿಳಾಸ ಸಿಕ್ಕಿತು, ಅದು ಕಾಲೇಜಿನದು. ಆ ದಿನ, ಆ ಹೊತ್ತಿಗೆ ಬಳಸುತ್ತಿದ್ದವರು ಯಾರು ಅಂತ ಕೇಳಿದರೆ ಕಾಲೇಜಿನವರ ಹತ್ತಿರ ಉತ್ತರ ಇಲ್ಲ. ಮಾಡಿದವ ಒಬ್ಬ, ಅನುಮಾನ ನಾನೂರು ಮಂದಿ ಮ್ಯಾಲ. ಆ ಹುಡುಗಿಗೆ ನ್ಯಾಯ ಸಿಗೋದೂ ಅಲ್ಲೇ ನಿಂತು ಹೋಗ್ತದ.

ಇದಕ್ಕೆ ಪರಿಹಾರ ಅಂದ್ರ ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್ ಕೊಡೋದು, ಅದನ್ನೆಲ್ಲ ಒಂದೇ ಕಡೆ ಪರೀಕ್ಷಿಸೋದು. ಆ ಕೆಲಸ ಮಾಡುವ ಕಂಪ್ಯೂಟರಿಗೆ ರೇಡಿಯಸ್ ಸರ್ವರ್ ಅಂತಾರೆ.

ಹುಕ್ಕೇರಿ ಕಡೆಯವರಿಗೆ ಇದನ್ನು ತಿಳಿಸೋದು ಬಾಳ ಸುಲಭ. 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನಮ್ಮ ಕಣ್ಣೆದುರಿಗೇ ಐತಿ. ರಾಜ್ಯದ ಉಳಿದ ಕಡೆ ಬೆಸ್ಕಾಂ, ಹೆಸ್ಕಾಂನಂಥ ಸರ್ಕಾರಿ ಕಂಪನಿಗಳು ಮನೆ ಮನೆಗೆ ಕರೆಂಟ್ ಕೊಟ್ಟರೆ, ಇಲ್ಲಿ ಆ ಕೆಲಸ ಸಹಕಾರಿ ಸಂಘದ್ದು. ಈಗ ನಿಮ್ಮ ಮನೆಯ ಕರೆಂಟ್ ಬಿಲ್ ತಗೊಂಡು ನೋಡ್ರಿ. ಮೂರು ವಿಷಯ ಕಾಣ್ತಾವ. ಒಂದು, ಆರ್.ಆರ್. ನಂಬರ್, ಅಂದ್ರ ನೀವು ಯಾರು. ಎರಡು, ಮಂಜೂರಾದ ಲೋಡ್, ಅಂದ್ರ ನಿಮಗ ಎಷ್ಟಕ್ಕ ಅನುಮತಿ ಐತಿ. ಮೂರು, ಮೀಟರ್ ರೀಡಿಂಗ್, ಅಂದ್ರ ನೀವು ಎಷ್ಟು ಬಳಸಿದ್ರಿ.

ರೇಡಿಯಸ್ ಸರ್ವರ್ ಮಾಡುವುದೂ ಇವೇ ಮೂರು ಕೆಲಸ: ಗುರುತು ಪರೀಕ್ಷೆ, ಅನುಮತಿ, ಲೆಕ್ಕ. ಗೋಡೆ ಮೇಲೆ ದೀಪ ಮಿಣುಕಿಸುತ್ತ ಇರುವ ವೈಫೈ ಡಬ್ಬಿ, ಅಂದರೆ ಆಕ್ಸೆಸ್ ಪಾಯಿಂಟ್, ಇಲ್ಲಿ ಲೈನ್‌ಮನ್ ಇದ್ದ ಹಾಗೆ. ಕಂಬ ಹತ್ತಿ ತಂತಿ ಜೋಡಿಸುವವನು ಅವನೇ, ಆದರೆ ಯಾರಿಗೆ ಜೋಡಿಸಬೇಕು ಅಂತ ನಿರ್ಧರಿಸುವವನು ಅವನಲ್ಲ. ಆ ನಿರ್ಧಾರ ಆಫೀಸಿನ ದಫ್ತರದಾಗ ಇರ್ತದ. ಫೋನ್ ಕೇಳುತ್ತದೆ, ಆಕ್ಸೆಸ್ ಪಾಯಿಂಟ್ ಆ ಕೋರಿಕೆಯನ್ನು ಸರ್ವರಿಗೆ ಒಯ್ಯುತ್ತದೆ, ಸರ್ವರ್ ‘ಬಿಡು’ ಅಥವಾ ‘ಬೇಡ’ ಅನ್ನುತ್ತದೆ. ಫೋನ್, ಆಕ್ಸೆಸ್ ಪಾಯಿಂಟ್, ಸರ್ವರ್: ಈ ಮೂವರನ್ನು ನೆನಪಿಟ್ಟುಕೊಳ್ರಿ. ಮುಂದೆ ಬರುವ ತೊಂದರೆಗಳೆಲ್ಲ ಈ ಮೂವರ ನಡುವೆಯೇ.

ಇದು ಹೊಸ ವಿದ್ಯೆ ಅಲ್ಲ. ಫೋನ್ ಲೈನಿನ ಮೇಲೆ ಕಿರ್ರ್ ಅಂತ ಡಯಲ್ ಮಾಡಿ ಇಂಟರ್‌ನೆಟ್ ಹಚ್ಚುತ್ತಿದ್ದ ಕಾಲದಲ್ಲಿ, 1991ರಲ್ಲಿ, ಅಮೆರಿಕದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಇದನ್ನು ರೂಪಿಸಿತು. ಇಂದಿಗೂ ಮನೆಯ ಫೈಬರ್ ರೌಟರಿನಲ್ಲಿ ಹುಡುಗ ಬಂದು ಒಂದು ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ ಹೋಗ್ತಾನಲ್ಲ, ಅದನ್ನು ಆ ಕಡೆ ಪರೀಕ್ಷಿಸುವುದು ಸಾಮಾನ್ಯವಾಗಿ ಒಂದು ರೇಡಿಯಸ್ ಸರ್ವರೇ.

ಇನ್ನು ಹಚ್ಚೋದು ಹೆಂಗ? ಖರ್ಚಿನ ಹೆದರಿಕೆ ಬೇಡ. ಫ್ರೀರೇಡಿಯಸ್ ಎಂಬ ಉಚಿತ ಸಾಫ್ಟ್‌ವೇರ್ 1999ರಿಂದ ಬೆಳೆಯುತ್ತ ಬಂದಿದೆ. ಸಣ್ಣ ಕಾಲೇಜಿಗೆ ಉಬುಂಟು ಅಥವಾ ಡೆಬಿಯನ್ ಹಾಕಿದ ಒಂದು ಹಳೆ ಕಂಪ್ಯೂಟರ್ ಸಾಕು. ವೈಫೈ ಡಬ್ಬಿಯಲ್ಲಿ ಮಾತ್ರ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಟರ್‌ಪ್ರೈಸ್ ಎಂಬ ಆಯ್ಕೆ ಇರಬೇಕು.

ಮೊದಲ ಹೆಜ್ಜೆ, ‘ಕ್ಲೈಂಟ್ಸ್’ ಎಂಬ ಫೈಲಿನಲ್ಲಿ ಪ್ರತಿ ಆಕ್ಸೆಸ್ ಪಾಯಿಂಟಿನ ಐಪಿ ವಿಳಾಸ ಬರೆಯಬೇಕು, ಜೊತೆಗೆ ಒಂದು ಗುಟ್ಟಿನ ಪದ. ಅದಕ್ಕೆ ಶೇರ್ಡ್ ಸೀಕ್ರೆಟ್ ಅಂತಾರೆ. ಅದೇ ಪದವನ್ನು ಡಬ್ಬಿಯ ಸೆಟ್ಟಿಂಗಿನಲ್ಲೂ ಹಾಕಬೇಕು. ಮಾದರಿ ಫೈಲಿನಲ್ಲಿ ‘ಟೆಸ್ಟಿಂಗ್123’ ಅಂತ ಇರ್ತದ. ಅದು ಜಗತ್ತಿಗೆಲ್ಲ ಗೊತ್ತಿರೋ ಗುಟ್ಟು, ಹಂಗೇ ಬಿಡಬ್ಯಾಡ್ರಿ. ಎರಡನೆಯ ಹೆಜ್ಜೆ, ‘ಯೂಸರ್ಸ್’ ಫೈಲಿನಲ್ಲಿ ಒಬ್ಬರ ಹೆಸರು, ಒಂದು ಪಾಸ್‌ವರ್ಡ್. ಒಬ್ಬರದು ಮಾತ್ರ. ಮೂರನೆಯದು, ‘ರಾಡ್‌ಟೆಸ್ಟ್’ ಎಂಬ ಸಣ್ಣ ಉಪಕರಣದಿಂದ ಅದೇ ಕಂಪ್ಯೂಟರಿನಲ್ಲೇ ಪರೀಕ್ಷೆ. ಅದು ಪಾಸಾದ ಮೇಲೆ ಒಂದು ಡಬ್ಬಿ, ಒಂದು ಫೋನ್. ಅದೂ ಸರಿ ಹೋದ ಮೇಲೆ ನಾನೂರು ಮಂದಿ. ಒಂದೇ ದಿನ ಎಲ್ಲಾ ಹಚ್ಚಾಕ ಹೋದ್ರ, ಎಲ್ಲಿ ಕೆಟ್ಟತು ಅಂತ ಹುಡುಕೋದರಾಗ ವಾರ ಹೋಗ್ತದ.

ಈಗ ಇವತ್ತಿನ ಮುಖ್ಯ ಮಾತು. ವೈಫೈ ಹತ್ತಲಿಲ್ಲ ಅಂದಾಗ ಫೋನ್ ತೋರಿಸೋದು ಒಂದೇ ಸಾಲು: ಕನೆಕ್ಟ್ ಆಗಲಿಲ್ಲ. ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಸರ್ವರ್ ‘ಇಲ್ಲ’ ಅಂತೋ, ಅಥವಾ ಸುಮ್ಮನೆ ಕುಂತಿತೋ?

ಇದನ್ನು ನೋಡಾಕ ಸರ್ವರಿನ ಸೇವೆ ನಿಲ್ಲಿಸಿ, ಕಪ್ಪು ಪರದೆಯಲ್ಲಿ ಆಡಳಿತಗಾರರ ಅಧಿಕಾರದೊಂದಿಗೆ ಫ್ರೀರೇಡಿಯಸ್ ಅಂತ ಬರೆದು, ಒಂದು ಜಾಗ ಬಿಟ್ಟು, ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಸಿ ದೊಡ್ಡಕ್ಷರದ ಎಕ್ಸ್. ಆಗ ಬರುವ ಒಂದೊಂದು ಕೋರಿಕೆಗೂ ಸರ್ವರ್ ಏನು ಮಾಡಿತು ಅಂತ ಸಾಲು ಸಾಲಾಗಿ ಹೇಳ್ತದ. ಸೇವೆ ನಿಲ್ಲಿಸದೆ ಇದನ್ನು ಹಚ್ಚಿದ್ರ, ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ ದೂರಿ ನಿಂತು ಬಿಡ್ತದ.

‘ಇಲ್ಲ’ ಅಂದಿದ್ದರೆ ಅದು ಒಳ್ಳೆ ಸುದ್ದಿ. ಕೋರಿಕೆ ಸರ್ವರಿನವರೆಗೆ ಬಂದಿದೆ, ದಾರಿ ಸರಿ ಇದೆ. ಹೆಸರು ತಪ್ಪೋ, ಪಾಸ್‌ವರ್ಡ್ ತಪ್ಪೋ ನೋಡಿದರಾಯಿತು. ಒಂದು ಕಳ್ಳ ತೊಂದರೆಯೂ ಇಲ್ಲಿ ಸಿಗುತ್ತದೆ. ಫೋನುಗಳಲ್ಲಿ ಬಹಳ ಬಳಕೆಯಲ್ಲಿರುವ ಪೀಪ್ ಮತ್ತು ಎಂಎಸ್‌ಚಾಪ್ ಪದ್ಧತಿಗೆ, ಸರ್ವರಿನ ಬಳಿ ಪಾಸ್‌ವರ್ಡ್ ಇದ್ದಂತೆಯೇ ಇರಬೇಕು, ಇಲ್ಲವೇ ವಿಂಡೋಸ್ ಬಳಸುವ ಎನ್‌ಟಿ ಹ್ಯಾಶ್ ರೂಪದಲ್ಲಿ ಇರಬೇಕು. ಕಾಲೇಜಿನ ಹಳೆಯ ಡೇಟಾಬೇಸಿನಲ್ಲಿ ಪಾಸ್‌ವರ್ಡ್ ಬೇರೆ ರೀತಿಯಲ್ಲಿ ಗೂಢಲಿಪಿ ಆಗಿದ್ದರೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ‘ಇಲ್ಲ’ ಅನ್ನುತ್ತದೆ. ಆಗ ಟಿಟಿಎಲ್‌ಎಸ್ ಜೊತೆ ಪ್ಯಾಪ್ ಎಂಬ ಪದ್ಧತಿಗೆ ಹೋಗಬೇಕು.

ಪರದೆ ಮೇಲೆ ಏನೂ ಬರಲೇ ಇಲ್ಲ ಅಂದ್ರ ಕೋರಿಕೆ ಸರ್ವರನ್ನು ಮುಟ್ಟಿಯೇ ಇಲ್ಲ. ಡಬ್ಬಿಯಲ್ಲಿ ಬರೆದ ಸರ್ವರ್ ವಿಳಾಸ ನೋಡ್ರಿ, ಕೇಬಲ್ ನೋಡ್ರಿ, ಫೈರ್‌ವಾಲ್ ನೋಡ್ರಿ. ಗುರುತು ಪರೀಕ್ಷೆಗೆ ಯುಡಿಪಿ ಪೋರ್ಟ್ 1812, ಲೆಕ್ಕಕ್ಕೆ 1813 ತೆರೆದಿರಬೇಕು. ಕೆಲವು ಹಳೆ ಡಬ್ಬಿಗಳು 1645 ಮತ್ತು 1646 ಹಿಡಿದು ಕುಂತಿರ್ತಾವ.

ಮೂರನೆಯ ಸ್ಥಿತಿ ವಿಚಿತ್ರ: ಕೋರಿಕೆ ಬಂತು, ಆದರೂ ಸರ್ವರ್ ಮೌನ. ಇದು ಕೆಟ್ಟಿದ್ದಲ್ಲ, ಅದರ ನಿಯಮವೇ ಹಾಗೆ. ಪಟ್ಟಿಯಲ್ಲಿ ಇಲ್ಲದ ಡಬ್ಬಿಗೆ ರೇಡಿಯಸ್ ‘ಇಲ್ಲ’ ಅಂತಲೂ ಹೇಳುವುದಿಲ್ಲ, ಕೋರಿಕೆಯನ್ನು ಸುಮ್ಮನೆ ಬಿಸಾಕುತ್ತದೆ. ರಾತ್ರಿ ಕರೆಂಟ್ ಹೋಗಿ ಬಂತು, ಡಬ್ಬಿಗೆ ರೌಟರ್ ಬೇರೆ ಐಪಿ ವಿಳಾಸ ಕೊಟ್ಟಿತು. ನಿನ್ನೆ ತನಕ ಪರಿಚಯದವ, ಇವತ್ತು ಅಪರಿಚಿತ. ಅದಕ್ಕೇ ಆಕ್ಸೆಸ್ ಪಾಯಿಂಟುಗಳಿಗೆ ಬದಲಾಗದ ವಿಳಾಸ ಕೊಡಬೇಕು. ಗುಟ್ಟಿನ ಪದದಲ್ಲಿ ಒಂದು ಅಕ್ಷರ ತಪ್ಪಿದ್ದರೂ ವೈಫೈ ಕೋರಿಕೆಗಳಿಗೆ ಇದೇ ಗತಿ.

ಇನ್ನೊಂದು ಐತಿ. ಸರ್ವರ್ ಮಾತಾಡುತ್ತದೆ, ಫೋನೇ ಅರ್ಧದಾಗ ಎದ್ದು ಹೋಗ್ತದ. ಪರದೆಯಲ್ಲಿ ‘ಅನ್‌ನೋನ್ ಸಿಎ’ ಎಂಬ ಮಾತು ಕಾಣಿಸಿದರೆ, ಸರ್ವರಿನ ಸರ್ಟಿಫಿಕೇಟನ್ನು ಫೋನ್ ನಂಬಲಿಲ್ಲ ಅಂತ ಅರ್ಥ. ಪಾಸ್‌ವರ್ಡ್ ಕೊಡುವ ಮುಂಚೆ ‘ನೀನು ನಿಜವಾಗಿ ನನ್ನ ಕಾಲೇಜಿನ ಸರ್ವರೇ?’ ಅಂತ ಫೋನ್ ಕೇಳುತ್ತದೆ, ಆ ಪ್ರಶ್ನೆಗೆ ಉತ್ತರವೇ ಸರ್ಟಿಫಿಕೇಟ್. ಫ್ರೀರೇಡಿಯಸ್ ಜೊತೆ ಬರುವ ಮಾದರಿ ಸೆಟ್ಟಿಂಗಿನಿಂದ ಸರ್ಟಿಫಿಕೇಟ್ ತಯಾರಿಸಿದರೆ ಅದರ ಆಯಸ್ಸು 60 ದಿನ ಮಾತ್ರ. ಎರಡು ತಿಂಗಳು ಚಲೋ ನಡೆದು, ಒಂದು ಬೆಳಿಗ್ಗೆ ಎಲ್ಲರೂ ಒಮ್ಮೆಗೇ ಹೊರಗೆ. ಸರ್ಟಿಫಿಕೇಟ್ ಮುಗಿಯುವ ದಿನಾಂಕವನ್ನು ಆಫೀಸಿನ ಕ್ಯಾಲೆಂಡರಿನಾಗ ಕೆಂಪು ಶಾಯಿಲೆ ಬರದಿಡ್ರಿ.

ಈ ರಗಳೆ ಬ್ಯಾಡ ಅಂತ ಕೆಲವರು ‘ಡು ನಾಟ್ ವ್ಯಾಲಿಡೇಟ್’ ಒತ್ತು ಅಂತ ಹೇಳಿಕೊಡ್ತಾರ. ಒತ್ತಬ್ಯಾಡ್ರಿ. ಒತ್ತಿದರೆ, ಅದೇ ಹೆಸರಿನ ನಕಲಿ ವೈಫೈ ಹಚ್ಚಿ ಕುಂತವನ ಕೈಗೂ ನಿಮ್ಮ ಫೋನ್ ಪಾಸ್‌ವರ್ಡಿನ ವಿವರ ಕೊಟ್ಟು ಬರ್ತದ. ಆಂಡ್ರಾಯ್ಡ್ 11ರ ಕಾಲದಿಂದ ಗೂಗಲ್ ಈ ಆಯ್ಕೆಯನ್ನು ತೆಗೆಯತೊಡಗಿದ್ದು ಇದೇ ಕಾರಣಕ್ಕೆ. ಕಾಲೇಜಿನವರು ಸರ್ಟಿಫಿಕೇಟ್ ಕೊಡಲಿ, ನೀವು ಅದನ್ನು ಫೋನಿಗೆ ಹಾಕ್ಕೊಳ್ರಿ. ಐದು ನಿಮಿಷದ ಕೆಲಸ.

ಕೊನೆಯ ಅನುಮಾನ ಯಾವಾಗಲೂ ಗಡಿಯಾರದ ಮೇಲೆ ಇರಲಿ. ಹಳೆ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಸರ್ವರ್ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಖಾತೆಗಳು ವಿಂಡೋಸಿನ ಆಕ್ಟಿವ್ ಡೈರೆಕ್ಟರಿಯಲ್ಲಿ ಇದ್ದರೆ, ಅದು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಒಪ್ಪುವುದಿಲ್ಲ. ಲೆಕ್ಕದ ಲಾಗಿನಲ್ಲೂ ತಪ್ಪು ಸಮಯ ಬೀಳುತ್ತದೆ. ಮೊದಲು ಹೇಳಿದ ಪೊಲೀಸರ ಪ್ರಶ್ನೆ ನೆನಪೈತಲ್ರಿ? ಸರ್ವರಿನ ಲಾಗ್ ಮತ್ತು ರೌಟರಿನ ಲಾಗ್ ಎರಡನ್ನೂ ಹೊಂದಿಸಿ ನೋಡಿದರೆ ಉತ್ತರ ಸಿಗುತ್ತದೆ. ಆದರೆ ಗಡಿಯಾರ ತಪ್ಪಿದ್ದರೆ ಏನೂ ಮಾಡದವನ ಹೆಸರು ಬರಬಹುದು. ಒಂದು ಸಣ್ಣ ಬ್ಯಾಟರಿಯಿಂದ ಒಬ್ಬ ನಿರಪರಾಧಿ ಠಾಣೆ ಮೆಟ್ಟಿಲು ಹತ್ತುವಂತಾಗಬಾರದು.

ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಲ್ಲಿ ಎರಡೂ ವಿಷಯ ಇವೆ: ಸೇವಾದಾರರು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಡಬೇಕು, ಮತ್ತು ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು.

ಆದರೆ ಒಂದು ಎಚ್ಚರ. ಯಾರು ಎಷ್ಟೊತ್ತಿಗೆ ಎಲ್ಲಿ ಇದ್ದರು ಅಂತ ಹೇಳುವ ಲಾಗ್ ಅಂದ್ರ ಸಣ್ಣ ವಿಷಯ ಅಲ್ಲ. ಹುಡುಗಿಯರ ಹಾಸ್ಟೆಲಿನ ಲಾಗನ್ನು ಯಾರು ಬೇಕಾದವರು ತೆಗೆದು ನೋಡುವಂತೆ ಇರಬಾರದು. ಅದನ್ನು ತೆರೆಯುವ ಅಧಿಕಾರ ಯಾರಿಗಿದೆ ಅಂತ ಕಾಲೇಜು ಬರೆದು ಪ್ರಕಟಿಸಲಿ. ನೀವೂ ಕೇಳ್ರಿ. ಅದು ನಿಮ್ಮ ಹಕ್ಕು.

ಇನ್ನು, ಎಲ್ಲ ಒಂದೇ ಕಡೆ ಇಟ್ಟರೆ ಅದೊಂದು ಕೆಟ್ಟಾಗ ಎಲ್ಲರೂ ಕತ್ತಲೆಯಲ್ಲಿ. ಅದಕ್ಕೆ ಎರಡನೆಯ ಸರ್ವರ್ ಇರಲಿ, ಯುಪಿಎಸ್ ಇರಲಿ. ಸಾಫ್ಟ್‌ವೇರ್ ಅಪ್‌ಡೇಟ್ ತಪ್ಪದೇ ಮಾಡ್ರಿ. ಹಳೆಯ ಎಂಡಿ5 ಲೆಕ್ಕಾಚಾರವನ್ನು ನಂಬಿದ ರೇಡಿಯಸ್ ಉತ್ತರಗಳನ್ನು ನಕಲು ಮಾಡಬಹುದು ಅಂತ 2024ರ ಜುಲೈನಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಆ ದೋಷಕ್ಕೆ ಬ್ಲಾಸ್ಟ್‌ರೇಡಿಯಸ್ ಅಂತ ಹೆಸರಿಟ್ಟರು. ರೇಡಿಯಸ್ ಕೋರಿಕೆಗಳನ್ನು ಬಯಲು ಇಂಟರ್‌ನೆಟ್ ಮೇಲೆ ಹಾಗೇ ಕಳಿಸಬೇಡಿ ಅನ್ನೋದು ಅದರ ಪಾಠ.

ಇಷ್ಟೆಲ್ಲ ಸರಿ ಮಾಡಿದರೆ ಏನು ಸಿಗ್ತದ? ಎಜುರೋಮ್ ಅಂತ ಒಂದು ವ್ಯವಸ್ಥೆ ಐತಿ, 100ಕ್ಕೂ ಹೆಚ್ಚು ದೇಶಗಳಲ್ಲಿ. ನಮ್ಮ ದೇಶದಲ್ಲಿ ಅರ್ನೆಟ್ ಅದನ್ನು ನಡೆಸುತ್ತದೆ. ಸದಸ್ಯ ಕಾಲೇಜಿನ ವಿದ್ಯಾರ್ಥಿ ಬೇರೆ ದೇಶದ ಸದಸ್ಯ ವಿಶ್ವವಿದ್ಯಾಲಯಕ್ಕೆ ಹೋದರೂ ಅದೇ ಹೆಸರು, ಅದೇ ಪಾಸ್‌ವರ್ಡ್. ಅಲ್ಲಿನ ಡಬ್ಬಿ ಕೇಳುವ ಪ್ರಶ್ನೆ ಸರ್ವರಿನಿಂದ ಸರ್ವರಿಗೆ ದಾಟಿ ಊರಿನ ಕಾಲೇಜಿಗೆ ಬರುತ್ತದೆ, ‘ಹೌದು, ಈ ಹುಡುಗಿ ನಮ್ಮವಳು’ ಅಂತ ಉತ್ತರ ಹೋಗುತ್ತದೆ.

ಮುಂದಿನ ಸಲ ಕಾಲೇಜಿನ ವೈಫೈ ಹತ್ತದಿದ್ದಾಗ ಲ್ಯಾಬಿನ ಸರ್‌ಗೆ ‘ವೈಫೈ ಇಲ್ರಿ ಸರ್’ ಅಂತ ಅಷ್ಟೇ ಹೇಳಬ್ಯಾಡ್ರಿ. ಸರ್ವರ್ ಬೇಡ ಅಂದತೋ, ಸುಮ್ಮನೆ ಕುಂತತೋ ನೋಡೋಣ ಬರ್ರಿ ಅನ್ನಿ. ಜೊತೆಗೆ ಕುಂತು ಪರದೆ ಓದ್ರಿ. ಮುಂದಿನ ಕಂತಿನಾಗ ಸಿಗೋಣು.